ಅದಾಲತ್ತಿನಲ್ಲಿ ಬೋರಾಡಿದ ಧೂಳಮ್ಮ

ನನಗೆ ಸಂಬಳ ಬರುವುದು ಒಂದು ಭಾಷೆಯಲ್ಲಿ ಹೇಳಿದ್ದನ್ನು ಇನ್ನೊಂದು ಭಾಷೆಯಲ್ಲಿ ಕೆಡಿಸುವುದಕ್ಕೆ. ಹುಮನಾಬಾದಿನ ಅದಾಲತ್ತಿನಲ್ಲಿ ನಾನು ತರ್ಜುಮೆಗಾರ. ಸಾಕ್ಷಿಗಳು ಕನ್ನಡದಲ್ಲಿ ಆಡಿದ್ದನ್ನು ಮುನಸೀಫ ಸಾಹೇಬರಿಗೆ ಉರ್ದುವಿನಲ್ಲಿ ಹೇಳಬೇಕು. ಸಾಹೇಬರು ಉರ್ದುವಿನಲ್ಲಿ ಬೈದದ್ದನ್ನು ಸಾಕ್ಷಿಗಳಿಗೆ ಕನ್ನಡದಲ್ಲಿ ಮೆತ್ತಗೆ ಮುಟ್ಟಿಸಬೇಕು. ಎರಡನೆಯದರಲ್ಲಿ ನಾನು ಪಳಗಿದವನು. ಮೊದಲನೆಯದರ ಬಗ್ಗೆ ಈ ಬರಹ ಮುಗಿಯುವಷ್ಟರಲ್ಲಿ ನಿಮಗೇ ಒಂದು ಅಭಿಪ್ರಾಯ ಬಂದಿರುತ್ತದೆ.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಓದಿದ್ದು ಸರಕಾರದ ಉರ್ದು ಶಾಲೆಯಲ್ಲಿ. ಕನ್ನಡದ ಅಕ್ಷರ ತಿದ್ದಿದ್ದು ಮಠದ ಅಯ್ಯನವರ ಬೆತ್ತದ ಕೆಳಗೆ. ಎರಡೂ ಭಾಷೆಗಳು ನನ್ನ ಅಂಗೈಯಲ್ಲಿವೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅದಾಲತ್ತಿಗೆ ಹಾಕಿಕೊಂಡು ಹೋಗುತ್ತಿದ್ದ ಶೇರವಾನಿ ಅಣ್ಣನದು. ಅವನು ಮೈಕೈ ತುಂಬಿದವನು. ಬೆಳಿಗ್ಗೆ ನಾನು ಒಳಗೆ ಕಾಲಿಟ್ಟರೆ ಚಪರಾಸಿ ಯುನೂಸ್ ಬಗ್ಗಿ ಶೇರವಾನಿಯ ಕುತ್ತಿಗೆಯೊಳಗೆ ಇಣುಕುತ್ತಿದ್ದ. “ಇದ್ದೀರೇನ್ರಿ ಮಾಸ್ತರ? ಅಂಗಿ ಒಂದ ನಡಕೊಂತ ಬಂತೇನೋ ಅಂದ್ಕೊಂಡೆ!”

ಆದರೆ ನಾನು ಹೇಳಹೊರಟದ್ದು ನನ್ನ ಕತೆಯನ್ನಲ್ಲ. ಅದನ್ನು ನಮ್ಮವ್ವ ಕೂಡ ಪೂರ್ತಿ ಕೇಳಲಾರಳು. ಹೇಳಬೇಕಾದದ್ದು ಕಲ್ಯಾಣಿಯ ಧೂಳಮ್ಮನದು. ಹೊರಗಿನವರು ಶರಣರ ಕಲ್ಯಾಣ ಎಂದು ಕೈಮುಗಿಯುವ ಊರು ಅದು. ನಮಗೆ ಮಾತ್ರ ಬರೀ ಕಲ್ಯಾಣಿ. ಹುಮನಾಬಾದಿನಿಂದ ಸರ್ವಿಸ್ ಬಸ್ಸು ಧೂಳೆಬ್ಬಿಸಿಕೊಂಡು ಅಲ್ಲಿಗೆ ಹೋಗುತ್ತದೆ, ಮನಸ್ಸಿದ್ದರೆ ತಿರುಗಿ ಬರುತ್ತದೆ.

ಧೂಳಮ್ಮ ಹುಟ್ಟಿದ್ದು ಮುಡಬಿಯಲ್ಲಿ. ಹತ್ತನೆಯ ವರ್ಷಕ್ಕೆ ಕಲ್ಯಾಣಿಗೆ ಸೊಸೆಯಾಗಿ ಬಂದಳು. ಹದಿಮೂರನೆಯ ವರ್ಷಕ್ಕೆ ಪ್ಲೇಗು ಬಂತು, ಗಂಡ ಹೋದ. ಅವನನ್ನು ಆಕೆ ಸರಿಯಾಗಿ ನೋಡಿದ್ದೇ ಮೂರು ಸಲ, ಅದರಲ್ಲಿ ಒಮ್ಮೆ ಅವನು ಬೆನ್ನು ತಿರುಗಿಸಿ ಕೂತಿದ್ದ. ಹುಡುಗಿಗೆ ಅಳು ಬರಲಿಲ್ಲ. ಹೆಣದ ಮುಂದೆ ಕೂತು ನೆರೆದವರ ಬಾಯಿ ನೋಡುತ್ತಿದ್ದಳಂತೆ. ಅತ್ತೆ ಆ ಮಾತನ್ನು ಸಾಯುವ ತನಕ ಆಡಿದಳು: “ಕಟ್ಟಿಕೊಂಡ ಗಂಡ ಸತ್ರೂ ಬೋರ್ಯಾಡಲಿಲ್ಲ, ಕಲ್ಲ ಹುಟ್ಟ್ಯಾದ ಕಲ್ಲ.” ಏಳೆಂಟು ವರ್ಷದ ಮೇಲೆ ಆ ಅತ್ತೆಯೂ ಹೋದಳು. ಆ ದಿನ ಧೂಳಮ್ಮ ಎಷ್ಟು ಜೋರಾಗಿ ಅತ್ತಳೆಂದರೆ ಕೋಟೆಯ ಆಚೆ ಮೇಯುತ್ತಿದ್ದ ಎಮ್ಮೆಗಳು ತಲೆ ಎತ್ತಿದವಂತೆ. ಅದು ದುಃಖವೋ ಸಂತೋಷವೋ ಎಂದು ಓಣಿಯ ಹೆಂಗಸರಲ್ಲಿ ಇಂದಿಗೂ ಎರಡು ಪಕ್ಷ. ಗಂಟಲಿನ ವಿಷಯದಲ್ಲಿ ಮಾತ್ರ ಒಂದೇ ಪಕ್ಷ. ಅಂದಿನಿಂದ ಯಾರ ಮನೆಯಲ್ಲಿ ಜೀವ ಹೋದರೂ ಮೊದಲು ಧೂಳಮ್ಮನನ್ನು ಕರೆಯುವುದು ರೂಢಿಯಾಯಿತು.

ಇದಕ್ಕೆ ಆಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹೊಟ್ಟೆಗೆ ಜೋಳ ಬೀಸುತ್ತಿದ್ದಳು, ಜಡ್ಡಾದವರ ಸೇವೆ ಮಾಡುತ್ತಿದ್ದಳು. ಅಳುವುದು ಆಕೆಯ ಕಸುಬಲ್ಲ, ಮರ್ಯಾದೆ. ನನಗಾದರೂ ಸಂಬಳವೊಂದಿದೆ, ಮರ್ಯಾದೆಯ ಮಾತು ಯುನೂಸನನ್ನು ಕೇಳಬೇಕು.

ಈಗ ಆ ಶಬ್ದ. ನಮ್ಮ ಕಡೆ ಅಳುವುದರಲ್ಲಿ ದರ್ಜೆಗಳಿವೆ. ಮಗು ಅಳುತ್ತದೆ. ಹೊಸ ಸೊಸೆ ಒಲೆಯ ಹೊಗೆಯ ನೆಪದಲ್ಲಿ ಮುಸುಮುಸು ಮಾಡುತ್ತಾಳೆ. ತವರು ಬಿಟ್ಟು ಹೊರಟವಳು ಬಿಕ್ಕುತ್ತಾಳೆ. ಮೇಲಧಿಕಾರಿ ಬೈದರೆ ನಾನು ಮೂಗು ಒರೆಸಿಕೊಳ್ಳುತ್ತೇನೆ. ಇವು ಯಾವುವೂ ಬೋರಾಡುವುದಲ್ಲ. ಬೋರಾಡುವುದೆಂದರೆ ಬಾಯಿ ತುಂಬ, ಓಣಿ ತುಂಬ ಅಳುವುದು. ಸತ್ತವನ ಹೆಸರು ಹಿಡಿದು, ಅವನು ಉಂಡದ್ದು, ಬಿಟ್ಟದ್ದು, ಕೊನೆಯ ಹೊತ್ತಿನಲ್ಲಿ ಕೇಳಿದ್ದು ಎಲ್ಲವನ್ನೂ ಒಂದೊಂದಾಗಿ ರಾಗವಾಗಿ ಎತ್ತಿ ಆಡುವುದು. ಜೀವ ಇರುವ ತನಕ ಬೋರಾಡಬಾರದು, ಹೋಗುವ ಜೀವಕ್ಕೆ ದಾರಿ ತಪ್ಪುತ್ತದೆ. ಜೀವ ಹೋದ ಮೇಲೆ ಬೋರಾಡದೆ ಇರಬಾರದು, ಓಣಿಗೆ ಗೊತ್ತಾಗುವುದಾದರೂ ಹೇಗೆ? ನಮ್ಮಲ್ಲಿ ಸಾವಿನ ಸುದ್ದಿ ಹೇಳಿಕಳಿಸುವುದಿಲ್ಲ, ಕೇಳಿಸುತ್ತಾರೆ.

ಇನ್ನೂ ಎರಡು ಕಟ್ಟಳೆಗಳುಂಟು. ಬೋರಾಡುವವಳನ್ನು ನಡುವೆ ತಡೆಯಬಾರದು. ಆ ಮನೆಯ ಹೆಣ್ಣುಮಗಳು ಬಂದು ಗದ್ದ ಹಿಡಿದು, ನೀರು ಕೊಟ್ಟು “ಸಾಕಬೇ” ಎಂದಾಗಲೇ ನಿಲ್ಲಿಸಬೇಕು. ಗಂಡಸರ ಮಾತಿಗೆ ಅಲ್ಲಿ ಬೆಲೆ ಇಲ್ಲ. ಎರಡನೆಯದು, ಬೋರಾಡುವಾಗ ಬಂದ ಮಾತಿಗೆ ಯಾರೂ ಜಗಳಕ್ಕೆ ಬರಬಾರದು. ಅದು ಆಡಿದ ಮಾತಲ್ಲ, ಅಳು. ಮಂಠಾಳದ ಲಲಿತಾಬಾಯಿ ತಂದೆಯ ಹೆಣದ ಮುಂದೆ, ಅಣ್ಣಂದಿರು ಹಬ್ಬಕ್ಕೆ ತನಗೆ ಉಡಿಸಿದ್ದು ತೂತು ಬಿದ್ದ ಸೀರೆ ಎಂದು ರಾಗವಾಗಿ ಎತ್ತಿದಳು. ಅಣ್ಣಂದಿರು ತುಟಿ ಪಿಟಕ್ಕೆನ್ನಲಿಲ್ಲ. ಮಣ್ಣಿಗೆ ಬಂದವರು ಊರಿಗೆ ಮರಳುವ ಮೊದಲೇ ಜರಿಯಂಚಿನ ಸೀರೆ ಮನೆಗೆ ಬಂತು.

ಇಷ್ಟನ್ನೂ ನಾನು ಕಲಿತದ್ದು ಆಮೇಲೆ. ಆ ಖಟ್ಲೆ ಬಂದ ದಿನ ನನಗೆ ಗೊತ್ತಿದ್ದದ್ದು ಒಂದೇ ಉರ್ದು ಶಬ್ದ: ‘ರೋಯಿ’. ಅತ್ತಳು. ಮುಗಿಯಿತು.

ಫಸಲಿ ೧೩೫೨, ಇಂಗ್ಲಿಷರ ಲೆಕ್ಕದಲ್ಲಿ ೧೯೪೩. ಕಲ್ಯಾಣಿಯ ನಾಗನಾಥ ಎಂಬ ನಲವತ್ತರ ಒಕ್ಕಲಿಗ ಜ್ವರ ಬಂದು ಎಂಟೇ ದಿನದಲ್ಲಿ ಸತ್ತಿದ್ದ. ಮಕ್ಕಳಿರಲಿಲ್ಲ. ಹೆಂಡತಿ ಸುಂದರಬಾಯಿ, ಒಂದು ಮನೆ, ಊರ ಹೊರಗೆ ಒಂದು ಹೊಲ. ಅದೇ ಮನೆಯ ಅಂಗಳದ ಚಪ್ಪರದಲ್ಲಿ ಧೂಳಮ್ಮ ಇದ್ದಳು. ಸುಂದರಬಾಯಿ ಆಕೆಯನ್ನು ಬಾಯಿತುಂಬ ಅತ್ತೆ ಎನ್ನುತ್ತಿದ್ದಳು, ಆಕೆ ಇವಳನ್ನು ಸೊಸೆ ಎನ್ನುತ್ತಿದ್ದಳು. ಜಡ್ಡಿನಲ್ಲಿ ನಾಗನಾಥನ ಸೇವೆ ಮಾಡಿದವಳು ಆಕೆಯೇ. ಸತ್ತ ದಿನ ಸುಂದರಬಾಯಿ ಮನೆಯಲ್ಲಿರಲಿಲ್ಲ. ನಾಗನಾಥನ ಅಣ್ಣ ಮಹಾರುದ್ರಪ್ಪ ಬೆಳಿಗ್ಗೆಯೇ ಆಕೆಯನ್ನು ಬಂಡಿ ಹತ್ತಿಸಿ ಮಂಠಾಳದ ವೈದ್ಯನ ಬಳಿಗೆ ಕಳಿಸಿದ್ದ. “ಹೇಂತಿನೇ ಬಂದು ಸೆರಗ ಒಡ್ಡಿದ್ರ ಅಷ್ಟ ಆ ವೈದ್ಯ ಬೇರು ಕೊಡ್ತಾನ ನೋಡವ್ವ” ಎಂದು ಹೇಳಿದ್ದನಂತೆ. ಸಂಜೆ ಬಂಡಿ ಓಣಿಯ ತಿರುವಿಗೆ ಬರುವುದಕ್ಕೂ ಧೂಳಮ್ಮ ಬೋರಾಡುವುದಕ್ಕೂ ಸರಿಹೋಯಿತು.

ಮಣ್ಣು ಮಾಡಿ ಮೂರನೆಯ ದಿನಕ್ಕೆ ಮಹಾರುದ್ರಪ್ಪ ಒಂದು ಕಾಗದ ತೆಗೆದ. ನಾಗನಾಥ ಸಾಯುವ ಮುನ್ನ ಹೆಬ್ಬೆಟ್ಟು ಒತ್ತಿದ ಕಾಗದ. ಮನೆಯೂ ಹೊಲವೂ ಅಣ್ಣನ ಮಗನಿಗೆ. ಹೆಂಡತಿಗೆ ಎರಡು ಹೊತ್ತು ಊಟ, ವರ್ಷಕ್ಕೆರಡು ಸೀರೆ. ಬರೆದ ಹೊತ್ತು ಜೋಹರ್ ನಮಾಜು ಮುಗಿದ ಮೇಲೆ, ಅಂದರೆ ಮಧ್ಯಾಹ್ನ ಎರಡರ ಸುಮಾರು. ಸಾವು ಅಸರ್ ಹೊತ್ತಿಗೆ, ಅಂದರೆ ಸಂಜೆ ಐದಕ್ಕೆ. ಸುಂದರಬಾಯಿಯ ತಕರಾರು ಒಂದೇ: “ನಾ ಬಂದು ಮುಟ್ಟಿದಾಗ ಮೈ ಸೆಟದು ಕಟಗಿ ಆಗಿತ್ತು. ಈಗ ಹೋದ ಜೀವ ಅಷ್ಟ ಲಗೂನ ಕಟಗಿ ಆಗ್ತದೇನ್ರಿ?” ಮಧ್ಯಾಹ್ನವೇ ಗಂಡ ತೀರಿದ್ದ, ಸತ್ತವನ ಹೆಬ್ಬೆಟ್ಟು ಒತ್ತಿಸಿದ್ದಾರೆ ಎನ್ನುವುದು ಆಕೆಯ ವಾದ. ರುಜುವಾತು ಏನೂ ಇರಲಿಲ್ಲ. ಖಟ್ಲೆ ಸೋತರೆ ಆಕೆ ತನ್ನ ಮನೆಯಲ್ಲೇ ಮೈದುನನ ಮಗನ ಕೈ ನೋಡುತ್ತ ಕೂರಬೇಕು. ಅಲ್ಲ, ಭಾವನ ಮಗನ ಕೈ. ನೋಡಿ, ನಂಟಸ್ತಿಕೆಯನ್ನೂ ನಾನು ಹೀಗೇ ತರ್ಜುಮೆ ಮಾಡುತ್ತೇನೆ.

ಸುಂದರಬಾಯಿಯ ವಕೀಲರು ಒಬ್ಬ ಮುದುಕರು. ಅರ್ಧ ಹೊತ್ತು ಕನ್ನಡಕ ಹುಡುಕುತ್ತಿದ್ದರು, ಉಳಿದರ್ಧ ಒರೆಸುತ್ತಿದ್ದರು. ಮಹಾರುದ್ರಪ್ಪನ ವಕೀಲರು ಹೈದರಾಬಾದಿನಿಂದ ಬಂದ ಬಂದೇನವಾಜ್ ಸಾಹೇಬರು. ಅವರ ಬೂಟಿನ ಸಪ್ಪಳಕ್ಕೇ ಅರ್ಧ ಖಟ್ಲೆ ಗೆದ್ದಂತಾಗುತ್ತಿತ್ತು. ಅವರು ತಂದ ದೊಡ್ಡ ಸಾಕ್ಷಿ ಬೇರೆ ಯಾರೂ ಅಲ್ಲ, ಧೂಳಮ್ಮ.

ಆಕೆ ಬಂದು ನಿಂತಳು. ಅರವತ್ತರ ಹತ್ತಿರದ, ಬತ್ತಿ ಹೋದ ಸಣ್ಣ ಹೆಂಗಸು. ಇಷ್ಟು ಸಣ್ಣ ಕೊರಳಿನಿಂದ ಏನು ಬಂದೀತು ಎನ್ನಿಸಿತು ನನಗೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: “ಯಾಕೋ ತಮ್ಮಾ, ಜಡ್ಡಾಗಿ ಎದ್ದೀಯೇನು? ಅಂಗಿ ಉಳದದ, ನೀ ಇಳದೀದಿ.”

ಯುನೂಸ್ ಬಾಗಿಲ ಬಳಿ ನಕ್ಕ. ಮುನಸೀಫ ಸೈಫುದ್ದೀನ್ ಸಾಹೇಬರು ಏನೆಂದಳು ಎಂದು ಕೇಳಿದರು. “ಸಲಾಮ್ ಹೇಳುತ್ತಿದ್ದಾಳೆ ಹುಜೂರ್” ಎಂದೆ. ಅವತ್ತಿನ ನನ್ನ ಮೊದಲ ತರ್ಜುಮೆ ಅದು.

ಬಂದೇನವಾಜ್ ಸಾಹೇಬರು ಶುರು ಮಾಡಿದರು. ಕಲ್ಯಾಣಿಯಲ್ಲಿ ಯಾರು ಸತ್ತರೂ ಮೊದಲು ಅಳುವವಳು ನೀನೇ ಹೌದೇ? “ಹೌದ್ರಿ.” ಜೀವ ಹೋದ ಕೂಡಲೇ? “ಅದೇ ರೂಢೀರಿ.” ನಾಗನಾಥನಿಗೆ ಯಾವಾಗ ಅತ್ತೆ?

ಧೂಳಮ್ಮ ಮಹಾರುದ್ರಪ್ಪನ ಕಡೆ ನೋಡಿದಳು. ಅವನು ತಲೆಯ ಮೇಲಿನ ಪಟಗಾ ಸರಿಪಡಿಸಿಕೊಂಡ. “ಅಸರಿನ ಬಾಂಗ್ ಕೂಗಿದ ಮ್ಯಾಲ್ರಿ” ಎಂದಳು. ಆಕೆಯ ಕೈ ಕೊರಳಲ್ಲಿದ್ದ ಲಿಂಗದ ಮೇಲಿತ್ತು. ನಾಗನಾಥ ಎಷ್ಟು ಹೊತ್ತಿಗೆ ಹೋದ ಎಂದು ಯಾರೂ ಕೇಳಲಿಲ್ಲ. ಅಳು ಯಾವಾಗ, ಸಾವು ಆವಾಗ. ಇದು ಬೇರೆ ಕೇಳಬೇಕೆ? ಗೋಡೆಯ ಬಳಿ ನೀರಿನ ಗಡಿಗೆಯ ಪಕ್ಕ ಕೂತಿದ್ದ ಸುಂದರಬಾಯಿ ಮುಖದ ಮೇಲೆ ಸೆರಗು ಎಳೆದುಕೊಂಡಳು. ಒಂದೇ ಅಂಗಳದಲ್ಲಿ ಹನ್ನೆರಡು ವರ್ಷ ಇದ್ದವಳು ಹೀಗೆ ಹೇಳಿದ ಮೇಲೆ ಅವಳಿಗೆ ಇನ್ನೇನು ಉಳಿಯಿತು?

ಮುದುಕ ವಕೀಲರಿಗೆ ಅಷ್ಟರಲ್ಲಿ ಕನ್ನಡಕ ಸಿಕ್ಕಿತು. ಎದ್ದು ಒಂದು ಪ್ರಶ್ನೆ ಕೇಳಿದರು: “ಅದಕ್ಕಿಂತ ಮೊದಲ ನೀ ಅತ್ತೇ ಇಲ್ಲೇನವ್ವ?”

“ಅಳೂದೇನ್ರಿ ಯಪ್ಪಾ, ಎಂಟ ದಿನದಿಂದ ಅಳಾಕತ್ತಿದ್ದೆ. ಮುಂಜಾನಿ ಅತ್ತೆ, ಮಧ್ಯಾಹ್ನ ಅತ್ತೆ. ಬೋರ್ಯಾಡಿದ್ದು ಅಸರಿನ್ಯಾಗ.”

ನಾನು ಗಂಟಲು ಸರಿಮಾಡಿಕೊಂಡು ಸಾಹೇಬರಿಗೆ ಉರ್ದುವಿನಲ್ಲಿ ಒಪ್ಪಿಸಿದೆ: “ಎಂಟು ದಿನ ಅತ್ತಳು ಹುಜೂರ್. ಬೆಳಿಗ್ಗೆ ಅತ್ತಳು, ಮಧ್ಯಾಹ್ನ ಅತ್ತಳು, ಅಸರಿನಲ್ಲೂ ಅತ್ತಳು.”

ಸಾಹೇಬರು ಲೇಖನಿ ಕೆಳಗಿಟ್ಟರು. “ಎಲ್ಲ ಹೊತ್ತಿನಲ್ಲೂ ಅಳುವವಳ ಅಳುವಿನಿಂದ ಸಾವಿನ ಹೊತ್ತು ಹೇಗೆ ಗೊತ್ತಾಗುತ್ತದೆ ವಕೀಲ ಸಾಹೇಬ್? ಈ ಸಾಕ್ಷಿ ನಿಮಗೆ ಏನು ಉಪಯೋಗ?”

ಬಂದೇನವಾಜ್ ಸಾಹೇಬರು ನನ್ನನ್ನು ನೋಡಿದ ನೋಟಕ್ಕೆ ಅಣ್ಣನ ಶೇರವಾನಿ ಇನ್ನೂ ಎರಡು ಬೆರಳು ಸಡಿಲವಾಯಿತು. ಅವರಿಗೆ ಕನ್ನಡ ಬಾರದು. ಆದರೆ ಅಳುವಿನಲ್ಲಿ ಎರಡು ಬಗೆ ಇವೆ ಎನ್ನುವುದನ್ನು ಮಹಾರುದ್ರಪ್ಪನಿಂದ ತಿಳಿದುಕೊಂಡೇ ಬಂದಿದ್ದರು. ಈ ಹುಡುಗ ಎರಡಕ್ಕೂ ಒಂದೇ ಶಬ್ದ ಹಾಕಿ ನನ್ನ ಖಟ್ಲೆ ಕೊಲ್ಲುತ್ತಿದ್ದಾನೆ ಎಂದು ಸಾಹೇಬರಿಗೆ ದೂರಿದರು. ಸಾಹೇಬರು ನನ್ನತ್ತ ತಿರುಗಿದರು. “ಆ ಇನ್ನೊಂದಕ್ಕೆ ಉರ್ದುವಿನಲ್ಲಿ ಏನೆನ್ನುತ್ತಾರೆ?”

“ಜೋರಾಗಿ ಅಳುವುದು ಹುಜೂರ್.”

“ಎಷ್ಟು ಜೋರಾಗಿ?”

ನಾನು ಕೈ ಅಗಲಿಸಿ ತೋರಿಸಿದೆ. ಕುಂಬಳಕಾಯಿಯ ಅಳತೆ ಹೇಳುವವನ ಹಾಗೆ.

ಸಾಹೇಬರಿಗೆ ನಗು ಬಂತು. ಬಂದೇನವಾಜ್ ಸಾಹೇಬರಿಗೆ ಬರಲಿಲ್ಲ. ಅವರು ಮೇಜು ತಟ್ಟಿದರು: “ತರ್ಜುಮೆ ಬೇಡ ಹುಜೂರ್. ಆಕೆಯೇ ಅತ್ತು ತೋರಿಸಲಿ. ಅದು ಇಡೀ ಓಣಿಗೆ ಕೇಳುವ ಅಳು ಎಂದು ತಾವೇ ಕೇಳಿ ನಿರ್ಧರಿಸಿ. ಮಧ್ಯಾಹ್ನ ಹಾಗೆ ಅತ್ತಿದ್ದರೆ ಕಲ್ಯಾಣಿಗೆ ಕಲ್ಯಾಣಿಯೇ ಬಂದು ಸೇರುತ್ತಿತ್ತು. ಇದನ್ನು ಖಟ್ಲೆಯ ಕಡತದಲ್ಲಿ, ಮಿಸಲಿನಲ್ಲಿ ಬರೆಸಬೇಕೆಂದು ನನ್ನ ವಿನಂತಿ.”

ನಾನು ಧೂಳಮ್ಮನಿಗೆ ಹೇಳಿದೆ. ಆಕೆ ಸುತ್ತ ನೋಡಿದಳು. “ಇಲ್ಲಿ ಯಾರ ಸತ್ತಾರೋ?”

“ಯಾರೂ ಸತ್ತಿಲ್ಲಬೇ, ತೋರಸಾಕ ಅಷ್ಟ.”

“ಸುಮ್ಮಸುಮ್ಮನ ಬೋರ್ಯಾಡಬಾರದು. ಜಾಗಾಕ್ಕ ಒಳ್ಳೇದಲ್ಲ. ಈ ಸಾಹೇಬ್ರಿಗೂ ಮನಿ ಮಕ್ಕಳ ಅವ.”

ಸತ್ತ ನಾಗನಾಥನಿಗೇ ಅಳಲಿ ಎಂದರು ಬಂದೇನವಾಜ್ ಸಾಹೇಬರು. ಧೂಳಮ್ಮ ಕೊರಳಿನ ಲಿಂಗದ ಮೇಲಿಂದ ಕೈ ತೆಗೆದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು: “ನಾಗಪ್ಪಗ ಆ ದಿನಾ ಅತ್ತಾಂಗ ಅಳಲೋ ತಮ್ಮಾ, ಅಳಬೇಕಾಗಿತ್ತಲ್ಲ, ಹಂಗ ಅಳಲೋ?”

ಈ ಮಾತಿನಲ್ಲಿ ಏನಿತ್ತು ಎಂದು ಈಗ ಸಣ್ಣ ಮಕ್ಕಳಿಗೂ ಹೊಳೆಯುತ್ತದೆ. ನಾನು ಸರಕಾರದ ತರ್ಜುಮೆಗಾರ. “ಹೇಗೆ ಅಳಲಿ ಎಂದು ಕೇಳುತ್ತಿದ್ದಾಳೆ” ಎಂದೆ.

“ಪೂರಾ ಅಳಲಿ. ಏನನ್ನೂ ಬಿಡದ ಹಾಗೆ” ಎಂದರು ಬಂದೇನವಾಜ್ ಸಾಹೇಬರು.

ಮಹಾರುದ್ರಪ್ಪ ತಟ್ಟನೆ ಎದ್ದು ನಿಂತ. ಊರಿನವನಲ್ಲವೇ, ಅವನಿಗೆ ಗೊತ್ತು. “ವಕೀಲ ಸಾಹೇಬ್ರ, ಅದೊಂದ ಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ…”

ವಕೀಲರು ಕೈಬೀಸಿ ಅವನನ್ನು ಕೂರಿಸಿದರು. ಖಟ್ಲೆ ನಡೆಸುವುದು ನಾನೋ ನೀನೋ ಎಂದು ಉರ್ದುವಿನಲ್ಲಿ ಗದರಿದರು. ಇದನ್ನು ಮಾತ್ರ ನಾನು ತಪ್ಪಿಲ್ಲದೆ ಕನ್ನಡಕ್ಕೆ ತಂದೆ.

ಧೂಳಮ್ಮ ಕಟಕಟೆಯಿಂದ ಇಳಿದಳು. ನಿಂತು ಬೋರಾಡಲಾಗುವುದಿಲ್ಲ. ನೆಲದ ಮೇಲೆ ಕೂತು, ಸೆರಗನ್ನು ತಲೆಯ ಮೇಲೆ ಎಳೆದು, ಕೈ ಎರಡನ್ನೂ ಮುಂದೆ ಚಾಚಿದಳು. ಗೋಡೆಗೆ ಆನಿಸಿ ಕೂರಿಸಿದ ಹೆಣ ಎದುರಿಗೇ ಇದ್ದ ಹಾಗೆ. ಆ ಕಡೆ ಇದ್ದವರು ಬಂದೇನವಾಜ್ ಸಾಹೇಬರು. ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಆಮೇಲೆ ಬಾಯಿ ತೆರೆದಳು.

ಮೊದಲ ಎಳೆತಕ್ಕೆ ತೊಲೆಯಲ್ಲಿದ್ದ ಪಾರಿವಾಳಗಳು ಎದ್ದು ಹೋದವು. ಎರಡನೆಯದಕ್ಕೆ ಬಜಾರದಲ್ಲಿ ತಕ್ಕಡಿಗಳು ನಿಂತವಂತೆ. ಮೂರನೆಯದಕ್ಕೆ ಅದಾಲತ್ತಿನ ಕಿಟಕಿಗಳಲ್ಲಿ ಮುಖಗಳು ತುಂಬಿದವು. ಯುನೂಸನ ಹೆಂಡತಿ ರಾಬಿಯಾ ಹಿಂದಿನ ಓಣಿಯಿಂದ ಬರಿಗಾಲಲ್ಲಿ ಓಡಿ ಬಂದಳು. ಗಂಡ ಬಾಗಿಲಲ್ಲಿ ನೆಟ್ಟಗೆ ನಿಂತದ್ದನ್ನು ನೋಡಿ ಬುರ್ಖಾದೊಳಗಿಂದಲೇ ಬೈದಳು: “ಬದಕಿದ್ದೀರೇನು? ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಬಂದೀನಿ, ಸುಟ್ಟ ಹೋತು!” ಯುನೂಸ್ ‘ಖಾಮೋಶ್’ ಎಂದು ಕೂಗಿದ. ಅದು ಹೆಂಡತಿಗೋ ಧೂಳಮ್ಮನಿಗೋ ತಿಳಿಯಲಿಲ್ಲ. ಇಬ್ಬರೂ ಕೇಳಲಿಲ್ಲ.

ಬಂದೇನವಾಜ್ ಸಾಹೇಬರು ಗೆದ್ದ ನಗೆ ನಕ್ಕರು. ಸಾಕು ಎಂದು ಕೈ ಎತ್ತಿದರು. ಧೂಳಮ್ಮ ನಿಲ್ಲಿಸಲಿಲ್ಲ. ಈಗಷ್ಟೇ ಆಕೆ ಮಾತಿಗೆ ಬಂದಿದ್ದಳು.

“ಯಪ್ಪಾ ನಾಗಪ್ಪಾ, ಹಾಲಿನ ಬಟ್ಟಲ ಹಿಡದ ನಿಂತಿದ್ನೆಲ್ಲೋ… ಜೋಹರಿನ ಬಾಂಗ್ ಮುಗಿಯೂದ್ರಾಗ ಕಣ್ಣ ತೇಲಸಿದೆಲ್ಲೋ ನನ್ನಪ್ಪಾ…”

ಜೋಹರ್ ಎಂಬ ಶಬ್ದಕ್ಕೆ ಸಾಹೇಬರಿಗೆ ತರ್ಜುಮೆ ಬೇಕಾಗಿರಲಿಲ್ಲ. ಅವರು ನೆಟ್ಟಗೆ ಕೂತು ನನ್ನತ್ತ ಬೆರಳು ತೋರಿಸಿದರು. ಹೇಳು, ಒಂದೂ ಬಿಡದೆ ಹೇಳು.

“ಬೋರ್ಯಾಡಾಕ ಬಾಯಿ ತೆಗದ್ರ ಅಣ್ಣಾ ಬಂದು ಬಾಯಿ ಮುಚ್ಚಿದನಲ್ಲೋ… ಹೇಂತಿ ಹಾದ್ಯಾಗ ಕೇಳಿದ್ರ ಎದಿ ಒಡದ ಸಾಯ್ತಾಳ ಅಂದನಲ್ಲೋ… ಬಂಡಿ ಬರೂತನಕ ತಡಿ ಅಂದನಲ್ಲೋ… ಯಾರಿಗೂ ಹೇಳೂದಿಲ್ಲಂತ ಲಿಂಗ ಮುಟ್ಟಿಸಿ ಆಣಿ ಹಾಕಿಸಿದನಲ್ಲೋ… ಸೊಸಿ ಜೀವಾ ಉಳೀಲಿ ಅಂತ ಮುಟ್ಟಿದ್ನೆಲ್ಲೋ ನನ್ನಪ್ಪಾ…”

ಆಕೆ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ನಾನು ತರ್ಜುಮೆ ತುರುಕಬೇಕಾಗಿತ್ತು. ಸಾಲಿನ ಹಿಂದೆ ಸಾಲು. ಮೊದಲು ಮಾತಿನ ಹಾಗೆಯೇ ಶುರು ಮಾಡಿದೆ. ಆದರೆ ಆ ರಾಗ ಕಿವಿಯಲ್ಲಿ ಕೂತ ಮೇಲೆ ನಾಲಿಗೆ ನನ್ನ ಕೈ ತಪ್ಪಿತು. ನಾಲ್ಕನೆಯ ಸಾಲಿಗೆ ನಾನೂ ಎಳೆಯುತ್ತಿದ್ದೆ, ಐದನೆಯದಕ್ಕೆ ಕೈ ಚಾಚಿದ್ದೆ, ಕಣ್ಣೀರು ಗದ್ದದಿಂದ ಅಣ್ಣನ ಶೇರವಾನಿಯ ಮೇಲೆ ಇಳಿಯುತ್ತಿತ್ತು. “ಹಾಯ್ ರೇ ನಾಗಪ್ಪಾ… ಭಾಯಿ ನೇ ಮೂಂಹ್ ಬಂದ್ ಕರ್ ದಿಯಾ ರೇ…” ಸರಕಾರದ ಸಂಬಳ ತಿನ್ನುವ ಗಂಡಸು ಅದಾಲತ್ತಿನ ನಡುವೆ ಉರ್ದುವಿನಲ್ಲಿ ಬೋರಾಡುತ್ತಿದ್ದ. ಕಿಟಕಿಯಲ್ಲಿ ಯಾರೋ ಹೇಳಿದ್ದು ಕೇಳಿಸಿತು: “ಪಾಪ, ಮಾಸ್ತರನ ಮನಿಯವರ ಯಾರೋ ಹೋಗ್ಯಾರ.”

ಸಾಹೇಬರು ಮೇಜಿನ ಮೇಲೆ ಬಾಗಿ ನನಗೆ ಹೇಳಿದರು: “ಮಿಯಾಂ, ತರ್ಜುಮಾ ಕೀಜಿಯೇ, ಬೈನ್ ಮತ್ ಕೀಜಿಯೇ.”

ತರ್ಜುಮೆ ಮಾಡಿ, ಬೈನ್ ಮಾಡಬೇಡಿ ಎಂದು. ಬೈನ್! ಹೆಣದ ಮುಂದೆ ಸತ್ತವನ ಹೆಸರು ಹಿಡಿದು ಗೋಳಾಡುವುದಕ್ಕೆ ಉರ್ದುವಿನವರ ಶಬ್ದ. ಅರ್ಧ ತಾಸಿನಿಂದ ಇಡೀ ಅದಾಲತ್ತು ಹುಡುಕುತ್ತಿದ್ದದ್ದು ಅದನ್ನೇ. ನನಗೆ ಬಿದ್ದ ಬೈಗುಳದಲ್ಲಿ ಸಿಕ್ಕಿತು.

ಮಹಾರುದ್ರಪ್ಪ “ಸಾಕ ಮಾಡ ಮುದಕೀ!” ಎಂದು ಕೂಗಿದ. ಕಿಟಕಿಯ ಹೆಂಗಸರು ಅವನನ್ನೇ ಸುಮ್ಮನಿರಿಸಿದರು. ಬೋರಾಡುವವಳಿಗೆ ಗಂಡಸು ಅಡ್ಡ ಬರುವುದೆಂದರೇನು? ತಡೆಯುವ ಹಕ್ಕಿದ್ದವಳು ಅಲ್ಲಿ ಒಬ್ಬಳೇ, ಸತ್ತವನ ಮನೆಯ ಹೆಣ್ಣುಮಗಳು. ಸುಂದರಬಾಯಿ ಗಡಿಗೆಯ ಪಕ್ಕ ನೀರಿನ ತಂಬಿಗೆ ಹಿಡಿದು ಕೂತಿದ್ದಳು. ಮುಖದ ಮೇಲಿನ ಸೆರಗು ಸರಿದಿತ್ತು. ಆಕೆ ಏಳಲಿಲ್ಲ.

“ಮಡಚಲಾರದ ಹೆಬ್ಬೆಟ್ಟ ಮಸಿಯಾಗ ಅದ್ದಿದರಲ್ಲೋ… ಮೊದಲ ಸಲ ಮೂಡಲಿಲ್ಲಂತ ಕಾಗದದ ಬೆನ್ನಿಗಿ ಒತ್ತಿ ನೋಡಿದರಲ್ಲೋ… ಆ ಮಸಿ ನಾ ಸೆರಗಿಲೆ ಒರಸಿದ್ನೆಲ್ಲೋ… ಓದಾಕ ಬರಲಾರದ ನಾ, ಏನ ಒತ್ತಸಾಕತ್ತಾರಂತ ತಿಳೀಲಿಲ್ಲಲ್ಲೋ ನಾಗಪ್ಪಾ…”

ಈ ಸಾಲನ್ನು ನಾನು ರಾಗವಿಲ್ಲದೆ ಹೇಳಿದೆ. ಹೇಳಿ ಮುಗಿಸುವ ಮೊದಲೇ ಸಾಹೇಬರು ಮಿಸಲಿನಿಂದ ಆ ಕಾಗದ ತೆಗೆದರು. ಈವರೆಗೆ ಎಲ್ಲರೂ ಅದರ ಮುಖ ಓದಿದ್ದರು. ಸಾಹೇಬರು ಅದನ್ನು ತಿರುವಿ ಕಿಟಕಿಯ ಬೆಳಕಿಗೆ ಹಿಡಿದರು. ಬೆನ್ನ ಮೇಲೆ, ಕೆಳಗಿನ ಮೂಲೆಯಲ್ಲಿ, ಅರ್ಧ ಮೂಡಿದ ಒಂದು ಹೆಬ್ಬೆಟ್ಟಿನ ಗುರುತು ಇತ್ತು.

ಆಗ ಸುಂದರಬಾಯಿ ಎದ್ದಳು. ಧೂಳಮ್ಮನ ಮುಂದೆ ಕೂತು, ಗದ್ದ ಹಿಡಿದು, ತಂಬಿಗೆಯನ್ನು ತುಟಿಗೆ ಹಿಡಿದಳು. “ಸಾಕಬೇ ಅತ್ತೀ” ಎಂದಳು. ಧೂಳಮ್ಮ ನೀರು ಕುಡಿದಳು. ಅಳು ನಲ್ಲಿ ಬಂದ್ ಮಾಡಿದ ಹಾಗೆ ನಿಂತಿತು. ನನ್ನದು ನಿಲ್ಲಲಿಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಬಂದೇನವಾಜ್ ಸಾಹೇಬರು ಆಕ್ಷೇಪಣೆ ಎತ್ತಿದರು. ಇದು ಸಾಕ್ಷಿಯಲ್ಲ, ಅಳು. ಆಕೆ ಹೇಳಿಕೆ ಕೊಡುತ್ತಿರಲಿಲ್ಲ, ಗೋಳಾಡುತ್ತಿದ್ದಳು ಎಂದರು. ಸಾಹೇಬರು ಗಡ್ಡ ನೀವಿಕೊಂಡರು. “ಮಿಸಲಿನಲ್ಲಿ ಬರೆಸಬೇಕೆಂದು ಕೇಳಿದವರು ತಾವೇ ಅಲ್ಲವೇ? ಪೂರಾ ಅಳಲಿ ಎಂದವರೂ ತಾವೇ.” ಆಮೇಲೆ ನನ್ನ ಮೂಲಕ ಧೂಳಮ್ಮನನ್ನು ಕೇಳಿದರು: ನೀನು ಅತ್ತದ್ದೆಲ್ಲ ನಿಜವೇ?

“ನಾ ಏನೂ ಹೇಳಿಲ್ರಿ ಸಾಹೇಬ್ರ. ಆಣಿ ಮಾಡೀನಿ, ಹೇಳಂಗಿಲ್ಲ. ನೀವು ಅಳು ಅಂದ್ರಿ, ಅತ್ತೆ.” ಸೆರಗಿನಿಂದ ಬಾಯಿ ಒರೆಸಿಕೊಂಡು ಸೇರಿಸಿದಳು: “ಅಳುವ ಮುಂದ ಯಾರರೆ ಸುಳ್ಳ ಅಳ್ತಾರೇನ್ರಿ?”

ಮುಂದಿನ ಪೇಶಿಯ ದಿನ, ಮೊದಲೇ ಸಾಕ್ಷಿ ಹೇಳಿ ಹೋಗಿದ್ದ ಕಾಗದ ಬರೆದವನನ್ನು ತಿರುಗಿ ಕರೆಸಿದರು. ಬೆನ್ನ ಮೇಲಿನ ಗುರುತು ಯಾರದು, ಯಾಕೆ ಎಂದು ಕೇಳಿದಾಗ ಅವನು ಮೂರು ಉತ್ತರ ಕೊಟ್ಟ. ಮೂರೂ ಬೇರೆ ಬೇರೆ. ಮೂರನ್ನೂ ನಾನು ಸರಿಯಾಗಿ ತರ್ಜುಮೆ ಮಾಡಿದೆ. ಕಾಗದ ರದ್ದಾಯಿತು. ಮನೆ, ಹೊಲ ಸುಂದರಬಾಯಿಯ ಪಾಲಿಗೆ ಉಳಿದವು. ನ್ಯಾಯ ಗೆಲ್ಲಿಸಿದ್ದು ಏನು ಎಂದು ಯಾರಾದರೂ ಕೇಳಿದರೆ ನಾನು ಎದೆ ತಟ್ಟಿ ಹೇಳಬಲ್ಲೆ: ನನ್ನ ಅಜ್ಞಾನ. ಬೋರಾಡುವುದಕ್ಕೆ ‘ಬೈನ್’ ಎಂದು ಮೊದಲೇ ನನಗೆ ಗೊತ್ತಿದ್ದರೆ ಆಕೆಯನ್ನು ಯಾರೂ ಅಳಿಸುತ್ತಿರಲಿಲ್ಲ. ಸಂಬಳ ಹೆಚ್ಚಿಸಲು ಈ ಕಾರಣ ಕೊಟ್ಟು ಒಂದು ಅರ್ಜಿ ಬರೆದಿಟ್ಟಿದ್ದೇನೆ, ಇನ್ನೂ ಕೊಟ್ಟಿಲ್ಲ.

ಕಳೆದ ವರ್ಷ ನಂಟರ ಮದುವೆಗೆಂದು ಕಲ್ಯಾಣಿಗೆ ಹೋದಾಗ ಅವರ ಮನೆಗೂ ಹೋಗಿದ್ದೆ. ಚಪ್ಪರ ಖಾಲಿ ಬಿದ್ದಿತ್ತು. ಧೂಳಮ್ಮ ಈಗ ಒಳಗೆ, ಪಡಸಾಲೆಯಲ್ಲಿ. ಸುಂದರಬಾಯಿ ಚಹಾ ತಂದಳು. ಧೂಳಮ್ಮ ನನ್ನ ಮೈಮೇಲಿನ ಶೇರವಾನಿ ಮುಟ್ಟಿ ನೋಡಿದಳು. “ಈಗರೆ ತುಂಬಿದೀ ತಮ್ಮಾ. ಆವತ್ತ ನೀ ತುರಕ ಮಾತಿನ್ಯಾಗ ಬೋರ್ಯಾಡಿದಿಯಲ್ಲ, ಸುರು ಛಲೋ ಇತ್ತು. ನಡಬರಕ ಉಸರ ತಪ್ಪಿದಿ. ಹೊಟ್ಟಿಲೆ ತಗೀಬೇಕು, ಮೂಗಿಲೆ ಅಲ್ಲ.” ಇದಕ್ಕಿಂತ ಒಳ್ಳೆಯ ಮಾತು ನನ್ನ ಕೆಲಸದ ಬಗ್ಗೆ ಯಾವ ಅಧಿಕಾರಿಯೂ ಹೇಳಿಲ್ಲ.

ಖಟ್ಲೆಯ ಮೇಲೆ ದೊಡ್ಡ ಮನೆಗಳವರು ಆಕೆಯನ್ನು ಕರೆಯಲು ಹಿಂದೆಮುಂದೆ ನೋಡುತ್ತಾರಂತೆ. ಸಾಯುವ ಮುದುಕರು ಮಾತ್ರ ಉಸಿರು ಹಿಡಿದುಕೊಂಡು, ಧೂಳಮ್ಮ ಬಂದು ಕೂರುವ ತನಕ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಬಚ್ಚಿಟ್ಟಿರುತ್ತಾರಂತೆ. ಸುಂದರಬಾಯಿ ಇದನ್ನು ಹೇಳಿ ನಗುತ್ತಿರುವಾಗಲೇ ಹೊರಗೆ ಯಾರೋ ಕೆಮ್ಮಿದರು. ಬಾಗಿಲಲ್ಲಿ ಮಹಾರುದ್ರಪ್ಪ. ಪಟಗಾ ಕೈಯಲ್ಲಿತ್ತು. ಹೊಸ್ತಿಲ ಹೊರಗೇ ನಿಂತ.

“ಯಶೋದಾಬಾಯಿ ಅತ್ತಿ ಹೋದ್ಲು” ಎಂದ. ಅವನ ಮನೆಯಲ್ಲೇ ಇದ್ದ ವಿಧವೆ ಸೋದರತ್ತೆ, ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. “ಓಣಿಯವರು ನಿನ್ನ ಕರಿ ಅಂತಾರ ಧೂಳವ್ವ.”

ಧೂಳಮ್ಮ ಬಟ್ಟಲು ಕೆಳಗಿಟ್ಟಳು. “ಯಾವಾಗ ಹೋದ್ಲು?”

“ಈಗ… ಈಗ ಅರ್ಧಾ ತಾಸ ಆತು.”

“ಕಾಗದಾಪತ್ರಾ ಎಲ್ಲಾ ಮುಗದಾವೋ, ಇನ್ನೊಂದ ಸ್ವಲ್ಪ ತಡೀಲೋ?”

ಮಹಾರುದ್ರಪ್ಪ ಪಟಗಾ ಹಿಂಡಿದ. “ಏನೂ ಇಲ್ಲವ್ವ. ಆಕಿ ಹಂತೇಕ ಏನಿತ್ತು? ಬಾ.”

ಆಕೆ ಎದ್ದಳು. ಸುಂದರಬಾಯಿ ತಾನೂ ಬರುತ್ತೇನೆ ಎಂದು ಒಳಗೆ ಹೋಗಿ ಚಾವಿ ತಂದು ಬಾಗಿಲಿಗೆ ಬೀಗ ಹಾಕಿದಳು, ಎಳೆದು ನೋಡಿದಳು, ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂವರೂ ಓಣಿಗೆ ಇಳಿದರು. ಮಹಾರುದ್ರಪ್ಪ ಮುಂದೆ, ಇಬ್ಬರು ಹೆಂಗಸರು ಹಿಂದೆ. ಅವನ ಮನೆಯ ತಿರುವಿಗೆ ಬರುತ್ತಿದ್ದ ಹಾಗೆ ಧೂಳಮ್ಮ ಸೆರಗು ಸರಿಮಾಡಿಕೊಂಡಳು. ಅದನ್ನು ಕಂಡ ಅವನ ಹೆಜ್ಜೆ ಸಣ್ಣದಾಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಈ ಸಲ ತರ್ಜುಮೆ ಮಾಡುವ ಗೋಜಿಲ್ಲದೆ ಕೇಳೋಣವೆಂದು ನಾನು ಸುಂದರಬಾಯಿಯ ಮನೆಯ ಕಟ್ಟೆಯ ಮೇಲೇ ಕೂತೆ.